ಜೆಲ್ಲಿ ಸೆಟ್ ಆಗ್ತಿಲ್ಲ, ಬೇಳೆ ಬೇಯ್ತಿಲ್ಲ: ನೀರಲ್ಲಿರೋ ಸುಣ್ಣ, ಉಪ್ಪಿನ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಮನೇಲೇ ಜ್ಯಾಮು, ಜೆಲ್ಲಿ, ಪೇಠಾ ಮಾಡಿ ಮಾರೋಕೆ ಶುರು ಮಾಡಿದ್ಮೇಲೆ ನಂಗೆ ಬರೋ ಪ್ರಶ್ನೆಗಳು ಹೆಚ್ಚೂ ಕಮ್ಮಿ ಇವೇ. ಎಲ್ರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿ ಮಾಡಿ ಬೆರಳು ಸವೀತು, ಅದಕ್ಕೆ ಒಂದೇ ಕಡೆ ಹಾಕಿದೀನಿ. ಓದೋಕೆ ಮುಂಚೆ ಒಂದು ಮಾತು, ರೆಸಿಪಿಲಿ "ನೀರು, ಬೇಕಾದಷ್ಟು" ಅಂತ ಬರ್ದಿರ್ತಾರಲ್ಲ, ಯಾವ ನೀರು ಅಂತ ಯಾರೂ ಬರೆಯಲ್ಲ, ಅರ್ಧ ಗಲಾಟೆ ಅಲ್ಲೇ ಇರೋದು.

ಅದೇ ಪೌಡರ್, ಅದೇ ಅಳತೆ. ಅಕ್ಕನ ಮನೇಲಿ ಸೆಟ್ ಆಯ್ತು, ನಮ್ಮನೇಲಿ ನೀರ್ ನೀರಾಗೇ ಇದೆ. ಯಾಕೆ?

ನಿಮ್ಮನೇಲಿ ಆರ್‌ಓ ನೀರು, ಅಕ್ಕನ ಮನೇಲಿ ಬೋರ್‌ವೆಲ್ ನೀರು, ಅಲ್ವಾ? ನಾನು ಮೊದಲು ಕೇಳೋದೇ ಇದು. ಬೋರ್‌ವೆಲ್ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರತ್ತೆ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟತ್ತಲ್ಲ ಅದೇ. ಕುಡಿಯೋ ನೀರಿಗೆ ಇರೋ ಭಾರತೀಯ ಮಾನದಂಡದಲ್ಲಿ (2012ರದ್ದು) ಲೀಟರಿಗೆ 75 ಮಿಲಿಗ್ರಾಂ ಕ್ಯಾಲ್ಸಿಯಂ ತನಕ ಓಕೆ, ಬೇರೆ ನೀರೇ ಸಿಗ್ದಿದ್ರೆ 200 ತನಕ ಒಪ್ಕೋಬಹುದು ಅಂತಿದೆ. ಆರ್‌ಓ ಮೆಷೀನು ಅದರಲ್ಲಿ ಹೆಚ್ಚಿನ ಪಾಲು ಕಿತ್ತು ಡ್ರೈನಿಗೆ ಕಳಿಸಿಬಿಡತ್ತೆ. ಕೆಲವು ಗಟ್ಟಿ ಮಾಡೋ ಪದಾರ್ಥಗಳಿಗೆ ಆ ಕ್ಯಾಲ್ಸಿಯಂ ಇಲ್ದೆ ಕೆಲಸವೇ ಆಗಲ್ಲ, ಇನ್ನು ಕೆಲವಕ್ಕೆ ಅದು ಮುಂಚೇನೇ ಸಿಕ್ಕಿಬಿಟ್ರೆ ಗಂಟು ಗಂಟಾಗಿ ಹಾಳಾಗತ್ತೆ. ಹಾಗಾಗಿ ಯಾವ ಪೌಡರ್ ಅನ್ನೋದು ಗೊತ್ತಿಲ್ದೆ "ಒಳ್ಳೆ ನೀರು ಯಾವುದು" ಅಂದ್ರೆ ನನ್ನತ್ರ ಉತ್ತರ ಇಲ್ಲ.

ಈ ಕ್ಯಾಲ್ಸಿಯಂ ಎಲ್ಲ ಲೋಹ ಅಂತೀರಿ. ಲೋಹ ಅಂದ್ರೆ ಕಬ್ಬಿಣ, ತಾಮ್ರ. ಅದು ಊಟದಲ್ಲಿ ಎಲ್ಲಿಂದ ಬಂತು ಸ್ವಾಮಿ?

ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವೆಲ್ಲ ಲೋಹಗಳೇ. ನಾವು ನೋಡೋದು ಲೋಹದ ಗಟ್ಟಿ ಅಲ್ಲ, ಉಪ್ಪಾಗಿ ಕರಗಿ ಪಾಸಿಟಿವ್ ಚಾರ್ಜ್ ಇಟ್ಕೊಂಡು ಓಡಾಡ್ತಿರೋ ಅಯಾನುಗಳನ್ನ. ಅಡುಗೆ ಉಪ್ಪಲ್ಲಿ ಸೋಡಿಯಂ. ಎಲೆ ಅಡಿಕೆ ಸುಣ್ಣದಲ್ಲಿ, ಹಾಲಲ್ಲಿ ಕ್ಯಾಲ್ಸಿಯಂ (ಹಾಲಲ್ಲಿ 100 ಮಿಲಿಗೆ ಹತ್ತಿರ ಹತ್ತಿರ 120 ಮಿಲಿಗ್ರಾಂ). ಬಾಳೆಹಣ್ಣು, ಎಳನೀರಲ್ಲಿ ಪೊಟ್ಯಾಸಿಯಂ. ರಾಗಿಲೂ ಕ್ಯಾಲ್ಸಿಯಂ ಜಾಸ್ತಿ, 100 ಗ್ರಾಂಗೆ 340 ಮಿಲಿಗ್ರಾಂ ಮೇಲೇನೇ ಇರತ್ತೆ, ಆದ್ರೆ ಅದರಲ್ಲಿ ತುಂಬಾ ಪಾಲು ಫೈಟೇಟು, ಆಕ್ಸಲೇಟು ಅನ್ನೋವು ಹಿಡ್ಕೊಂಡಿರೋದ್ರಿಂದ ನೀರಿಗೆ ಸುಲಭವಾಗಿ ಬರಲ್ಲ. ರಾಗಿ ನೀರು ಹಾಕಿ ಜೆಲ್ಲಿ ಗಟ್ಟಿ ಮಾಡ್ತೀನಿ ಅಂತ ಒಬ್ರು ಹೊರಟಿದ್ರು, ಅದಕ್ಕೇ ಹೇಳ್ದೆ.

ಈ ಅಯಾನುಗಳು ನಿಜವಾಗ್ಲೂ ಮಾಡೋದೇನು?

ಗಿಡದಿಂದ, ಪಾಚಿಯಿಂದ ಬರೋ ಲೋಳೆಗಳೆಲ್ಲ ಸಕ್ಕರೆ ಥರದ ಸಣ್ಣ ಸಣ್ಣ ತುಣುಕು ಪೋಣಿಸಿರೋ ಉದ್ದುದ್ದ ಸರಗಳು. ಹಣ್ಣಲ್ಲಿರೋ ಪೆಕ್ಟಿನ್, ಕಂದು ಪಾಚಿಯಿಂದ ಬರೋ ಆಲ್ಜಿನೇಟ್ ಥರದವುಗಳ ಮೈ ತುಂಬಾ ನೆಗೆಟಿವ್ ಚಾರ್ಜ್. ಹಾಗಾಗಿ ಒಂದು ಸರ ಇನ್ನೊಂದನ್ನ ಕಂಡ್ರೆ ದೂರ ಸರಿಯತ್ತೆ, ನೀರಲ್ಲಿ ತಮ್ಮ ಪಾಡಿಗೆ ಚಾಚ್ಕೊಂಡು ತೇಲ್ತಿರ್ತವೆ, ನಿಮಗೆ ಕಾಣೋದು ಬರೀ ಮಂದ ಆಗಿರೋ ನೀರು. ಕ್ಯಾಲ್ಸಿಯಂಗೆ ಎರಡು ಪಾಸಿಟಿವ್ ಚಾರ್ಜ್ ಇರತ್ತೆ, ಈ ಕಡೆ ಒಂದು ಸರ ಆ ಕಡೆ ಒಂದು ಸರ ಹಿಡಿಯೋಕೆ ಅಷ್ಟು ಸಾಕು. ಜೋಡಿ ಎತ್ತಿಗೆ ನೊಗ ಕಟ್ಟಿದ ಹಾಗೆ. ಅಂಥ ನೊಗ ಸಾವಿರಾರು ಕಡೆ ಬಿದ್ರೆ ಬಲೆ ಆಗತ್ತೆ, ಆ ಬಲೆಯೊಳಗೆ ನೀರು ಸಿಕ್ಕಾಕ್ಕೊಳತ್ತೆ, ಅದೇ ಜೆಲ್ಲಿ. ಸೋಡಿಯಂಗೆ ಇರೋದು ಒಂದೇ ಚಾರ್ಜು, ಅದು ಹೀಗೆ ಜೋಡಿ ಕಟ್ಟಲ್ಲ.

ಆಲ್ಜಿನೇಟ್ ಸರದಲ್ಲಿ ಗುಲುರೋನಿಕ್ ಅನ್ನೋ ತುಣುಕುಗಳು ಸಾಲಾಗಿ ಬಂದ ಕಡೆ ಸರ ಅಂಕುಡೊಂಕಾಗಿ ಗುಂಡಿ ಗುಂಡಿ ಆಗಿರತ್ತೆ, ಕ್ಯಾಲ್ಸಿಯಂ ಹೋಗಿ ಆ ಗುಂಡಿಲಿ ಕೂರತ್ತೆ. 1973ರಲ್ಲಿ ಇದನ್ನ ವಿವರಿಸಿದ ವಿಜ್ಞಾನಿಗಳು ಮೊಟ್ಟೆ ಟ್ರೇಗೆ ಹೋಲಿಸಿದ್ರು, ಅಂಗಡಿಲಿ ಒಂದು ಟ್ರೇ ಮೇಲೆ ಮೊಟ್ಟೆ ಇಟ್ಟು ಇನ್ನೊಂದು ಟ್ರೇ ಮುಚ್ತಾರಲ್ಲ ಹಾಗೆ. ಮೆಗ್ನೀಸಿಯಂಗೂ ಎರಡು ಚಾರ್ಜ್ ಇದೆ, ಆದ್ರೆ ಅದು ತನ್ನ ಸುತ್ತ ಇರೋ ನೀರನ್ನ ಬಿಟ್ಟುಕೊಡಲ್ಲ, ಗುಂಡಿಗೆ ಸರಿಯಾಗಿ ಕೂರಲ್ಲ, ಆಲ್ಜಿನೇಟನ್ನ ಜೆಲ್ ಮಾಡಲ್ಲ. ಚಾರ್ಜ್ ಇದ್ರೆ ಸಾಲದು, ಸೈಜೂ ಹೊಂದ್ಬೇಕು. ಗಡಸು ನೀರು ಅಂತ ರಿಪೋರ್ಟ್ ಬಂದ್ರೂ ಅದರಲ್ಲಿ ಎಷ್ಟು ಕ್ಯಾಲ್ಸಿಯಂ ಎಷ್ಟು ಮೆಗ್ನೀಸಿಯಂ ನೋಡ್ಕೊಳ್ಳಿ ಅನ್ನೋದು ಇದಕ್ಕೇ.

ಸಕ್ಕರೆ ಕಮ್ಮಿ ಹಾಕಿ ಸೀಬೆ ಜೆಲ್ಲಿ ಮಾಡ್ದೆ, ಪಾನಕ ಆಯ್ತು. ಏನು ತಪ್ಪು?

ತಪ್ಪು ನಿಮ್ಮದಲ್ಲ, ಪೆಕ್ಟಿನ್ ಜಾತಿದು. ಹಣ್ಣಲ್ಲಿ ಸಾಮಾನ್ಯವಾಗಿ ಇರೋದು ಹೈ ಮೆಥಾಕ್ಸಿಲ್ ಪೆಕ್ಟಿನ್, ಅದರ ಚಾರ್ಜ್ ಇರಬೇಕಾದ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಮೀಥೈಲ್ ಅನ್ನೋ ಟೋಪಿ ಹಾಕಿರತ್ತೆ. ಟೋಪಿ ಇರೋ ಕಡೆ ಕ್ಯಾಲ್ಸಿಯಂ ಹಿಡಿಯೋಕಾಗಲ್ಲ. ಅದು ಸೆಟ್ ಆಗ್ಬೇಕಂದ್ರೆ 55 ಪರ್ಸೆಂಟಿಗೂ ಮೇಲೆ ಸಕ್ಕರೆ ಬೇಕು, ಜೊತೆಗೆ ಹುಳಿ ಬೇಕು, ಪಿಎಚ್ (ಹುಳಿ ಅಳೆಯೋ ಅಂಕಿ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ) 3ರ ಆಸುಪಾಸು. ಸಕ್ಕರೆ ನೀರನ್ನ ಎಳ್ಕೊಳತ್ತೆ, ಹುಳಿ ಚಾರ್ಜನ್ನ ಸುಮ್ಮನಾಗ್ಸತ್ತೆ, ಆಗ ಸರಗಳು ತಾವೇ ಹತ್ರ ಬರ್ತವೆ. ಸಕ್ಕರೆ ಕಡಿದ್ರಿ, ಕಥೆ ಮುಗೀತು.

ಶುಗರ್ ಇರೋರಿಗೆ ಜ್ಯಾಮ್ ಮಾಡ್ಬೇಕಂದ್ರೆ ಲೋ ಮೆಥಾಕ್ಸಿಲ್ ಪೆಕ್ಟಿನ್ ಅಂತ ಕೇಳಿ ತಗೊಳ್ಳಿ. ಕಿತ್ತಳೆ ಸಿಪ್ಪೆ ಇಲ್ಲಾ ಸೇಬಿನ ಹಿಪ್ಪೆಯಿಂದ ತೆಗೆದು ಟೋಪಿ ಅರ್ಧಕ್ಕಿಂತ ಕಮ್ಮಿ ಮಾಡಿರ್ತಾರೆ, ಅದು ಸಕ್ಕರೆ ಇಲ್ದೇನೂ ಕ್ಯಾಲ್ಸಿಯಂ ಜೊತೆ ಸೆಟ್ ಆಗತ್ತೆ. ಒಂದು ಗ್ರಾಂ ಪೆಕ್ಟಿನ್ನಿಗೆ ಹತ್ತಾರು ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು, ಅದಕ್ಕೇ ಈ ಪೆಕ್ಟಿನ್ ಜೊತೆ ಕೆಲವರು ಒಂದು ಚಿಕ್ಕ ಕ್ಯಾಲ್ಸಿಯಂ ಪೊಟ್ಟಣ ಕೊಡೋದು, ದಯವಿಟ್ಟು ಅದನ್ನ ಬಿಸಾಕಬೇಡಿ. ಪೆಕ್ಟಿನ್ ಪೂರ್ತಿ ಕರಗಿದ್ಮೇಲೆ, ಬಿಸಿ ಇರೋವಾಗ್ಲೇ, ನೀರಲ್ಲಿ ಕರಗಿಸಿದ ಕ್ಯಾಲ್ಸಿಯಂನ ನಿಧಾನಕ್ಕೆ ಹಾಕಿ. ಉಲ್ಟಾ ಮಾಡಿದ್ರೆ ಮೀನಿನ ಕಣ್ಣಿನ ಥರ ಗಂಟು ಬರತ್ತೆ.

ಹಾಡೆ ಬಳ್ಳಿ ಎಲೆ ಬರೀ ಕಿವುಚಿದ್ರೆ ಹೇಗೆ ಹೆಪ್ಪುಗಟ್ಟತ್ತೆ? ಒಲೇನೂ ಇಲ್ಲ, ಸಕ್ಕರೇನೂ ಇಲ್ಲ.

ನಂಗೆ ತುಂಬಾ ಇಷ್ಟದ ಪ್ರಶ್ನೆ ಇದು. ಮಲೆನಾಡು, ಕರಾವಳಿ ಕಡೆ ಬೇಸಿಗೇಲಿ ದೇಹಕ್ಕೆ ತಂಪು ಅಂತ ಹಾಡೆ ಬಳ್ಳಿ ಎಲೆ ತೊಳೆದು, ನೀರಲ್ಲಿ ಚೆನ್ನಾಗಿ ಕಿವುಚಿ, ಸೋಸಿ ಇಟ್ರೆ ಸ್ವಲ್ಪ ಹೊತ್ತಲ್ಲಿ ಹಸಿರು ಗಟ್ಟಿ ಮೊಸರಿನ ಹಾಗೆ ಆಗತ್ತೆ, ಬೆಲ್ಲ ಹಾಕಿ ತಿಂತಾರೆ. ಬಯಲುಸೀಮೆಲಿ ದಾಗಡಿ ಸೊಪ್ಪಲ್ಲೂ ಹೀಗೇ ಮಾಡ್ತಾರೆ, ಅಮೃತಬಳ್ಳಿ ಸೇರಿ ಮೂರೂ ಒಂದೇ ಕುಟುಂಬದ ಗಿಡಗಳು. ಹಾಡೆ ಬಳ್ಳಿಯ ದಾಯಾದಿ ಗಿಡ ಒಂದರಿಂದ ಇಂಡೋನೇಷ್ಯಾದಲ್ಲಿ ಹಸಿರು ಚಿಂಚಾವ್ ಅಂತ ಮಾಡ್ತಾರೆ, ಅದರಲ್ಲಿ ಗಟ್ಟಿ ಮಾಡೋದು ಇದೇ ಲೋ ಮೆಥಾಕ್ಸಿಲ್ ಪೆಕ್ಟಿನ್. ಅಂದ್ರೆ ಫ್ಯಾಕ್ಟರಿಲಿ ಆಸಿಡ್ ಹಾಕಿ ಟೋಪಿ ತೆಗೆಯೋ ಕೆಲಸಾನ ಗಿಡ ತಾನೇ ಮುಗ್ಸಿಕೊಂಡಿರತ್ತೆ.

ಈಗ ನೀವು ಕೇಳಬಹುದು, ಮಲೆನಾಡಿನ ಬಾವಿ ನೀರು ಮೆದು ನೀರಲ್ವಾ, ಕ್ಯಾಲ್ಸಿಯಂ ಎಲ್ಲಿಂದ ಬಂತು ಅಂತ. ಎಲೆ ಕಿವುಚಿದಾಗ ಎಲೆಯೊಳಗಿನ ಕ್ಯಾಲ್ಸಿಯಂ ಕೂಡ ಹೊರಗೆ ಬರತ್ತೆ, ಅದಕ್ಕೇ ಎಲೆ ಜಾಸ್ತಿ ನೀರು ಕಮ್ಮಿ ಅನ್ನೋ ಅಜ್ಜಿಯರ ಲೆಕ್ಕ ಸರಿ. ತೈವಾನಿನಲ್ಲಿ ಐಯು ಅಂತ ಒಂದು ಜೆಲ್ಲಿ ಇದೆ, ಒಂದು ಜಾತಿ ಅತ್ತಿಯ ಬೀಜಗಳನ್ನ ಬಟ್ಟೇಲಿ ಕಟ್ಟಿ ತಣ್ಣೀರಲ್ಲಿ ಉಜ್ಜೋದು. ಅಲ್ಲಿ ನೀರಿನ ಖನಿಜ ತುಂಬಾ ಮುಖ್ಯ, ಡಿಸ್ಟಿಲ್ಡ್ ನೀರಲ್ಲಿ ಉಜ್ಜಿದ್ರೆ ಸೆಟ್ ಆಗಲ್ಲ. ಬೀಜದ ಜೊತೆಗೇ ಇರೋ ಒಂದು ಎಂಜೈಮು ಟೋಪಿ ಕಳಚತ್ತೆ, ನೀರಿನ ಕ್ಯಾಲ್ಸಿಯಂ ನೊಗ ಹಾಕತ್ತೆ. ಆರ್‌ಓ ನೀರಲ್ಲಿ ಪ್ರಯತ್ನ ಮಾಡಿ ಬೀಜ ಡೂಪ್ಲಿಕೇಟು ಅಂತ ಬೈಯೋರು ಅಲ್ಲೂ ಇರ್ತಾರೆ ಅಂದ್ಕೋತೀನಿ.

ಪೇಠಾಗೆ ಬೂದುಗುಂಬಳಕಾಯಿನ ಸುಣ್ಣದ ನೀರಲ್ಲಿ ಯಾಕೆ ನೆನೆಸ್ತಾರೆ? ಬಿಟ್ರೆ ಆಗಲ್ವಾ?

ಬಿಟ್ರೆ ಸಕ್ಕರೆ ಪಾಕದಲ್ಲಿ ಕುಂಬಳಕಾಯಿ ಹಲ್ವಾ ಆಗತ್ತೆ. ಆಗ್ರಾದೋರು ಪೇಠಾ ಹೋಳಿಗೆ ಚುಚ್ಚಿ ಚುಚ್ಚಿ ಸುಣ್ಣದ ನೀರಲ್ಲಿ ಗಂಟೆಗಟ್ಟಲೆ ಬಿಡ್ತಾರೆ. ಸುಣ್ಣ ಇಲ್ಲಿ ಒಂದೇ ಏಟಿಗೆ ಎರಡು ಕೆಲಸ ಮಾಡತ್ತೆ. ಸುಣ್ಣದ ತಿಳಿಯ ಪಿಎಚ್ 12ರ ಮೇಲಿರತ್ತೆ, ಆ ಕ್ಷಾರಕ್ಕೆ ಪೆಕ್ಟಿನ್ ಮೇಲಿನ ಮೀಥೈಲ್ ಟೋಪಿ ಉದುರತ್ತೆ, ಖಾಲಿ ಆದ ಜಾಗಕ್ಕೆ ಅದೇ ಸುಣ್ಣದ ಕ್ಯಾಲ್ಸಿಯಂ ಬಂದು ಕೂರತ್ತೆ. ಹೋಳು ಗಾಜಿನ ಹಾಗೆ ಗಟ್ಟಿ, ಕಚ್ಚಿದ್ರೆ ಕರಂ ಅನ್ನತ್ತೆ.

ಹುಷಾರಾಗಿರಬೇಕಾದ್ದು ಎರಡು ಕಡೆ. ನೆನೆಸೋದು ತಣ್ಣೀರಲ್ಲೇ, ಮತ್ತೆ ಬೇಯಿಸೋಕೆ ಮುಂಚೆ ಮೂರ್ನಾಕು ಸಲ ತೊಳೀಬೇಕು, ಯಾಕಂದ್ರೆ ಅಷ್ಟು ಕ್ಷಾರದ ನೀರಲ್ಲಿ ಬಿಸಿ ಮಾಡಿದ್ರೆ ಪೆಕ್ಟಿನ್ ಸರವೇ ತುಂಡಾಗತ್ತೆ, ಗಟ್ಟಿ ಮಾಡೋಕೆ ಹೋಗಿ ಮೆತ್ತಗೆ ಮಾಡಿದ ಹಾಗಾಗತ್ತೆ. ಇನ್ನು ಸುಣ್ಣ ಅಂದ್ರೆ ತಿನ್ನೋ ಸುಣ್ಣ, ಗೋಡೆಗೆ ಬಳಿಯೋ ಪ್ಯಾಕೆಟ್ ಅಲ್ಲ, ಸುಟ್ಟ ಸುಣ್ಣದ ಕಲ್ಲಂತೂ ಮುಟ್ಟಲೇಬೇಡಿ, ನೀರು ಬಿದ್ರೆ ಕುದ್ದು ಕೈ ಸುಡತ್ತೆ. ಲೀಟರ್ ನೀರಿಗೆ ಕರಗೋದೇ ಒಂದೂವರೆ ಗ್ರಾಂ ಚಿಲ್ಲರೆ, ಮುಷ್ಟಿ ಮುಷ್ಟಿ ಹಾಕಿದ್ರೆ ಉಳಿದಿದ್ದು ತಳದಲ್ಲಿ ಕೂರತ್ತೆ ಅಷ್ಟೇ. ಕಲಕಿ, ಬಿಟ್ಟು, ಮೇಲಿನ ತಿಳಿ ಬಸ್ಕೊಳ್ಳಿ.

ನಮ್ಮನೇಲಿ ಬೇಳೆ ಬೇಯಲ್ಲ. ಇದಕ್ಕೂ ಜೆಲ್ಲಿಗೂ ಸಂಬಂಧ ಇದ್ಯಾ?

ಒಂದೇ ಕಥೆ, ಉಲ್ಟಾ ದಿಕ್ಕು. ಬೇಳೆ ಬೇಯೋದು ಅಂದ್ರೆ ಕೋಶಗಳ ನಡುವಿನ ಪೆಕ್ಟಿನ್ ಅಂಟು ಬಿಟ್ಕೊಳ್ಳೋದು. ಗಡಸು ನೀರಿನ ಕ್ಯಾಲ್ಸಿಯಂ ಹೋಗಿ ಆ ಅಂಟನ್ನ ಇನ್ನೂ ಬಿಗಿ ಮಾಡತ್ತೆ. ಕಾವೇರಿ ನೀರು ಬರೋ ದಿನ ಮೂರು ವಿಜಲ್, ಬೋರ್ ನೀರಿನ ದಿನ ಆರು ವಿಜಲ್, ಬೆಂಗಳೂರಲ್ಲಿ ಇರೋರಿಗೆ ಇದು ಹೇಳ್ಕೊಡಬೇಕಾಗಿಲ್ಲ.

ಹಳೇ ಕಾಳು ಬೇಯದೇ ಇರೋದಕ್ಕೂ ವಿಜ್ಞಾನಿಗಳು ಕೊಡೋ ಮುಖ್ಯ ವಿವರಣೆ ಇದೇ ಸಾಲಿನದು. ಕಾಳಿನೊಳಗೆ ಫೈಟೇಟ್ ಅನ್ನೋದು ಕ್ಯಾಲ್ಸಿಯಂನ ಹಿಡ್ಕೊಂಡಿರತ್ತೆ, ಸೆಕೆ, ತೇವದಲ್ಲಿ ತಿಂಗಳುಗಟ್ಟಲೆ ಇಟ್ರೆ ಫೈಟೇಟ್ ಒಡೆದು ಕ್ಯಾಲ್ಸಿಯಂ ಬಿಡುಗಡೆ ಆಗತ್ತೆ, ಅದು ನೇರ ಪೆಕ್ಟಿನ್ ಹತ್ರ ಹೋಗತ್ತೆ. ಪರಿಹಾರ ಏನಪ್ಪಾ ಅಂದ್ರೆ ರಾತ್ರಿ ಉಪ್ಪು ನೀರಲ್ಲಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ. ಸೋಡಿಯಂ ತಳ್ಳಾಡಿ ಕ್ಯಾಲ್ಸಿಯಂ ಜಾಗ ತಗೊಳತ್ತೆ, ಅದಕ್ಕೆ ನೊಗ ಹಾಕೋಕೆ ಬರಲ್ಲ, ಹಾಗಾಗಿ ಕಾಳು ಮೆತ್ತಗಾಗತ್ತೆ. ಚಿಟಿಕೆ ಸೋಡಾನೂ ನಡೆಯತ್ತೆ ಆದ್ರೆ ಅದು ಬಿ1 ವಿಟಮಿನ್ನೂ ಹಾಳು ಮಾಡತ್ತೆ, ಜಾಸ್ತಿ ಆದ್ರೆ ಸೋಪಿನ ರುಚಿ ಬೇರೆ.

ನಮ್ಮಮ್ಮ ಹುಳಿ ಮಾಡೋವಾಗ ಬೇಳೆ ಬೆಂದ ಮೇಲೇನೇ ಹುಣಸೆ ರಸ, ಬೆಲ್ಲ ಹಾಕೋದು. ಮುಂಚೆ ಹಾಕಿದ್ರೆ ಬೇಳೆ "ಸೆಟ್ಕೊಳತ್ತೆ" ಅಂತಾಳೆ. ಹುಳಿಲಿ ಪೆಕ್ಟಿನ್ ಬೇಗ ಒಡೆಯಲ್ಲ, ಬೆಲ್ಲದಲ್ಲಿ ಕ್ಯಾಲ್ಸಿಯಂ ಇದೆ, ಅಮ್ಮನ ಮಾತು ಎರಡೂ ಕಡೆಯಿಂದ ಸರಿ.

ಮಾವಿನ ಹಣ್ಣಿನ ರಸದ ಮುತ್ತು ಮಾಡೋಕೆ ಹೋದೆ, ಬಾಲ ಬಂತು, ಗಂಟಾಯ್ತು, ಮುತ್ತಾಗಿಲ್ಲ.

ಸೋಡಿಯಂ ಆಲ್ಜಿನೇಟ್ ಕಥೆ. ಇದು ಕಂದು ಪಾಚಿಯಿಂದ ಬರತ್ತೆ, 1881ರಲ್ಲಿ ಸ್ಟ್ಯಾನ್‌ಫೋರ್ಡ್ ಅನ್ನೋ ಕೆಮಿಸ್ಟು ಸ್ಕಾಟ್ಲೆಂಡಿನ ಸಮುದ್ರದ ಪಾಚಿಯಿಂದ ತೆಗೆದದ್ದು. 2003ರ ಹೊತ್ತಿಗೆ ಸ್ಪೇನಿನ ಎಲ್ ಬುಯಿ ಹೋಟೆಲಿನ ಫೆರಾನ್ ಆದ್ರಿಯಾ ಇದರಲ್ಲಿ ಹಣ್ಣಿನ ರಸದ ಮುತ್ತು ಮಾಡಿ ತೋರಿಸಿದ್ಮೇಲೆ ಇಡೀ ಜಗತ್ತು ಹಿಂದೆ ಬಿತ್ತು.

ನನ್ನ ಮೊದಲ ಸಲದ್ದು ಕೇಳಿ. ಟ್ಯಾಂಕರ್ ನೀರಲ್ಲಿ ಪೌಡರ್ ಹಾಕಿ ಮಿಕ್ಸಿ ಮಾಡ್ದೆ, ಕರಗೋ ಬದ್ಲು ಅಂಟು ಅಂಟಾದ ಗಂಟು, ಮಿಕ್ಸಿ ಜಾರ್ ತೊಳೆಯೋಕೇ ಅರ್ಧ ಗಂಟೆ. ನೀರಲ್ಲಿದ್ದ ಕ್ಯಾಲ್ಸಿಯಂ ಪೌಡರ್ ಕರಗೋಕೆ ಮುಂಚೇನೇ ಹಿಡ್ಕೊಂಡಿತ್ತು. ಇದಕ್ಕೆ ಆರ್‌ಓ ನೀರೇ ಬೇಕು, ಪೆಕ್ಟಿನ್ ಜಾತಕಕ್ಕೆ ಪೂರ್ತಿ ಉಲ್ಟಾ. ಅರ್ಧದಿಂದ ಒಂದು ಪರ್ಸೆಂಟ್ ಆಲ್ಜಿನೇಟ್, ರಾತ್ರಿಯೆಲ್ಲ ಬಿಟ್ರೆ ಗುಳ್ಳೆ ಹೋಗತ್ತೆ (ಬಾಲ ಬರೋಕೆ ಗುಳ್ಳೆನೂ ಒಂದು ಕಾರಣ, ತೆಳು ಆದ್ರೂ ಬಾಲ ಬರತ್ತೆ). ಆಮೇಲೆ ಅರ್ಧದಿಂದ ಒಂದು ಪರ್ಸೆಂಟ್ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿ ಬಿಡಿ, ಒಂದೆರಡು ನಿಮಿಷಕ್ಕೆ ಎತ್ತಿ ತೊಳೆದು ತಕ್ಷಣ ಬಡಿಸಿ, ಯಾಕಂದ್ರೆ ಕ್ಯಾಲ್ಸಿಯಂ ಒಳಗೆ ಹೋಗ್ತಾನೇ ಇರತ್ತೆ, ಅರ್ಧ ಗಂಟೆ ಬಿಟ್ರೆ ಒಡೆದು ರಸ ಚಿಮ್ಮೋ ಮುತ್ತಲ್ಲ, ರಬ್ಬರ್ ಗೋಲಿ.

ಮಾವು ಹುಳಿ ಇದ್ರೆ ಇನ್ನೊಂದು ತೊಂದರೆ. ಪಿಎಚ್ ನಾಲ್ಕರ ಕೆಳಗೆ ಹೋಯ್ತು ಅಂದ್ರೆ ಆಲ್ಜಿನೇಟೇ ಆಸಿಡ್ ರೂಪಕ್ಕೆ ತಿರುಗಿ ಮೊಸರೊಡೆದ ಹಾಗಾಗತ್ತೆ. ಅದಕ್ಕೆ ಸೋಡಿಯಂ ಸಿಟ್ರೇಟ್ ಚೂರು ಹಾಕ್ತಾರೆ, ಅದು ಹುಳಿನೂ ಇಳಿಸತ್ತೆ, ರಸದಲ್ಲಿ ಮೊದಲೇ ಇರೋ ಕ್ಯಾಲ್ಸಿಯಂನೂ ಹಿಡಿದಿಟ್ಟುಕೊಳತ್ತೆ. ಮೊಸರು, ಶ್ರೀಖಂಡದ ಮುತ್ತು ಬೇಕಂದ್ರೆ ದಾರಿ ತಿರುಗಿಸಿ, ಅದರಲ್ಲಿ ಕ್ಯಾಲ್ಸಿಯಂ ಇದ್ದೇ ಇದೆ, ಅದನ್ನ ಆಲ್ಜಿನೇಟ್ ಸ್ನಾನಕ್ಕೆ ಬಿಡಿ, ಸಿಪ್ಪೆ ಹೊರಗಡೆ ಕಟ್ಟತ್ತೆ, ಒಳಗೆ ಎಷ್ಟು ಹೊತ್ತಾದ್ರೂ ನೀರಾಗೇ ಇರತ್ತೆ.

ಎಳನೀರು ಪುಡ್ಡಿಂಗು ಒಂದ್ಸಲ ಮೆತ್ತಗೆ, ಒಂದ್ಸಲ ಇಟ್ಟಿಗೆ. ಚೈನಾ ಗ್ರಾಸ್ ಕ್ವಾಲಿಟಿ ಸರಿ ಇಲ್ವಾ?

ಪ್ಯಾಕೆಟ್ ತಿರುಗಿಸಿ ನೋಡಿ. ನಿಜವಾದ ಚೈನಾ ಗ್ರಾಸ್ ಅಂದ್ರೆ ಅಗರ್, ಕೆಂಪು ಪಾಚಿದು, ಅದಕ್ಕೆ ಚಾರ್ಜ್ ತುಂಬಾ ಕಮ್ಮಿ, ಯಾವ ಅಯಾನ್ ಇದ್ರೂ ಹೆಚ್ಚೇನೂ ತಲೆ ಕೆಡಿಸ್ಕೊಳಲ್ಲ. ಆದ್ರೆ "ವೆಜ್ ಜೆಲ್ಲಿ ಮಿಕ್ಸ್" ಅಂತ ಸಿಗೋವುಗಳಲ್ಲಿ ತುಂಬಾ ಸಲ ಇರೋದು ಕ್ಯಾರಜೀನನ್. ಅದೂ ಕೆಂಪು ಪಾಚಿದೇ, ನಮ್ಮ ಪಕ್ಕದ ತಮಿಳುನಾಡಿನ ರಾಮನಾಥಪುರ ತೀರದಲ್ಲೂ ಆ ಜಾತಿ ಪಾಚಿ ಬೆಳೀತಾರೆ, ಆದ್ರೆ ಇದಕ್ಕೆ ಗಂಧಕದ ನೆಗೆಟಿವ್ ಗುಂಪುಗಳಿವೆ. ಅದರಲ್ಲಿ ಕಪ್ಪಾ ಅನ್ನೋದಕ್ಕೆ ಪೊಟ್ಯಾಸಿಯಂ ಅಂದ್ರೆ ಪ್ರಾಣ, ಸಿಕ್ರೆ ಗಟ್ಟಿ, ಪುಡಿ ಪುಡಿ ಒಡೆಯೋ ಜೆಲ್. ಎಳನೀರಲ್ಲಿ 100 ಮಿಲಿಗೆ 200 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ, ಅದೂ ಕಾಯಿಂದ ಕಾಯಿಗೆ ಬದಲಾಗತ್ತೆ. ಇಟ್ಟಿಗೆ ಯಾಕಾಯ್ತು ಗೊತ್ತಾಯ್ತಲ್ಲ.

ಅಯೋಟಾ ಅನ್ನೋ ತಮ್ಮನಿಗೆ ಕ್ಯಾಲ್ಸಿಯಂ ಇಷ್ಟ, ಅದು ಮೆತ್ತಗಿನ, ಎಳೆದ್ರೆ ಬಾಗೋ ಜೆಲ್, ಫ್ರೀಜರ್‌ಗೆ ಇಟ್ಟು ತೆಗೆದ್ರೂ ನೀರು ಬಿಡಲ್ಲ. ಲ್ಯಾಮ್ಡಾ ಅಂತ ಮೂರನೇದು, ಏನು ಹಾಕಿದ್ರೂ ಜೆಲ್ ಆಗಲ್ಲ, ಬರೀ ಮಂದ. ಹಾಲಲ್ಲಿ ಕಪ್ಪಾ ಹಾಕಿದ್ರೆ ಹಾಲಿನ ಪ್ರೋಟೀನ್ ಜೊತೆನೂ ಹಿಡ್ಕೊಳತ್ತೆ, ಹಾಗಾಗಿ ನೀರಿನ ಅಳತೆ ಹಾಲಿಗೆ ಹಾಕ್ಬೇಡಿ, ಕಮ್ಮಿ ಸಾಕು.

ಗೋರಿಕಾಯಿ ಗಮ್‌ಗೂ ಕ್ಯಾಲ್ಸಿಯಂ ಹಾಕಬೇಕಾ?

ಬೇಡ. ಗೋರಿಕಾಯಿ (ಉತ್ತರ ಕರ್ನಾಟಕದೋರಿಗೆ ಚವಳಿಕಾಯಿ) ಬೀಜದ ಗಮ್‌ಗೆ ಚಾರ್ಜೇ ಇಲ್ಲ, ಗಡಸು ನೀರಾದ್ರೂ ಒಂದೇ ಮೆದು ನೀರಾದ್ರೂ ಒಂದೇ. ಅದಕ್ಕೇ ಐಸ್‌ಕ್ರೀಮ್ ಮಾಡೋರಿಗೆ ಇಷ್ಟ. ಹುಣಸೆ ಬೀಜದ ಗಮ್ಮೂ ಇದೇ ಸ್ವಭಾವ. ಗೋರಿಕಾಯಿ ಗಮ್‌ನ ಜೆಲ್ ಮಾಡೋದು ಬೋರಾಕ್ಸು, ಎಣ್ಣೆ ಬಾವಿ ಕೊರೆಯೋರು ಹಾಗೆ ಮಾಡ್ತಾರೆ. ಮಕ್ಕಳ ಸ್ಲೈಮ್ ವಿಡಿಯೋ ನೋಡಿ ಅಡುಗೆಮನೇಲಿ ಟ್ರೈ ಮಾಡ್ಬೇಡಿ, ಬೋರಾಕ್ಸ್ ತಿನ್ನೋ ವಸ್ತು ಅಲ್ಲ.

ಬೆಂಡೆಕಾಯಿ ಲೋಳೆ ಕಮ್ಮಿ ಮಾಡೋಕೆ ಉಪ್ಪು ಹಾಕ್ಬೇಕಾ, ಹುಳಿ ಹಾಕ್ಬೇಕಾ?

ಹುಳಿ ಮೊದಲು, ಉಪ್ಪು ಕೊನೇಲಿ. ಬೆಂಡೆ ಲೋಳೆನೂ ಪೆಕ್ಟಿನ್ ಬಳಗದ್ದೇ, ನೆಗೆಟಿವ್ ಚಾರ್ಜ್ ಇರೋದು, ಚಾರ್ಜಿಂದಾನೇ ಸರಗಳು ಚಾಚ್ಕೊಂಡು ನೂಲು ನೂಲಾಗೋದು. ಹುಣಸೆ ಹುಳಿ ಇಲ್ಲಾ ಮಜ್ಜಿಗೆ ಆ ಚಾರ್ಜ್ ತಗ್ಗಿಸತ್ತೆ, ಸರ ಮುದುಡ್ಕೊಳತ್ತೆ. ಉಪ್ಪೂ ನೀರಲ್ಲಿ ಬಂದ ಲೋಳೆನ ತೆಳು ಮಾಡತ್ತೆ ಆದ್ರೆ ಹಸಿ ಹೋಳಿಗೆ ಹಾಕಿದ್ರೆ ನೀರು ಎಳೆದು ಒಳಗಿದ್ದ ಲೋಳೆನೂ ಹೊರಗೆ ತರತ್ತೆ, ಲಾಭಕ್ಕಿಂತ ನಷ್ಟ ಜಾಸ್ತಿ. ಈ ಲೋಳೆನ ಶತ್ರು ಅಂತ ನೋಡೋದು ನಾವಷ್ಟೇ, ಮಂಡ್ಯದ ಆಲೆಮನೆಗಳಲ್ಲಿ ಬೆಂಡೆ ಗಿಡದ ಕಾಂಡ ಜಜ್ಜಿ ಲೋಳೆ ತೆಗೆದು ಕುದಿಯೋ ಕಬ್ಬಿನ ಹಾಲಿಗೆ ಸುಣ್ಣದ ಜೊತೆ ಹಾಕೋ ಪದ್ಧತಿ ಇದೆ, ಲೋಳೆ ಕಸಾನೆಲ್ಲ ಹಿಡ್ಕೊಂಡು ಮಡ್ಡಿಯಾಗಿ ಮೇಲೆ ತೇಲತ್ತೆ, ಅದನ್ನ ತೆಗೆದುಹಾಕ್ತಾರೆ. ಬೆಲ್ಲದಲ್ಲಿ ಕ್ಯಾಲ್ಸಿಯಂ ಎಲ್ಲಿಂದ ಬಂತು ಅಂತ ಕೇಳೋರಿಗೆ ಒಂದು ಉತ್ತರ ಅಲ್ಲೇ ಇದೆ.

ಕಾರ್ನ್‌ಫ್ಲೋರಿಗೂ ಇದೆಲ್ಲ ನೋಡ್ಬೇಕಾ?

ಇಲ್ಲ. ಆಲೂಗಡ್ಡೆ ಸ್ಟಾರ್ಚಿಗೆ ಮಾತ್ರ ನೋಡಿ, ಅದಕ್ಕೆ ಫಾಸ್ಫೇಟ್ ಚಾರ್ಜ್ ಇರೋದ್ರಿಂದ ಉಪ್ಪು, ಗಡಸು ನೀರು ಬಿದ್ರೆ ಗ್ರೇವಿ ತೆಳು ಆಗತ್ತೆ.

ಕ್ಯಾಲ್ಸಿಯಂ ಜಾಸ್ತಿ ಹಾಕಿದ್ರೆ ಇನ್ನೂ ಗಟ್ಟಿ ಆಗತ್ತೆ ಅಲ್ವಾ?

ಒಂದು ಮಟ್ಟದ ತನಕ. ಆಮೇಲೆ ಬಲೆ ತನ್ನನ್ನೇ ಹಿಂಡ್ಕೊಳತ್ತೆ, ಒಳಗಿದ್ದ ನೀರು ಹೊರಗೆ ಬರತ್ತೆ, ಬಟ್ಟಲಲ್ಲಿ ಜೆಲ್ಲಿ ಸುತ್ತ ಕೊಳ. ಜೊತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಕಹಿ ಉಪ್ಪು ರುಚಿ ಬಿಡತ್ತೆ. ಜೆಲ್ಲಿ ಒಳಗೆ ಸೇರಿಸೋಕೆ ಕ್ಯಾಲ್ಸಿಯಂ ಲ್ಯಾಕ್ಟೇಟ್ ಮೇಲು, ರುಚಿ ಅಷ್ಟು ಗೊತ್ತಾಗಲ್ಲ. ಯಾವುದಾದ್ರೂ ಸರಿ ಫುಡ್ ಗ್ರೇಡ್ ಅಂತ ಬರ್ದಿರಬೇಕು, ಲ್ಯಾಬ್ ಅಂಗಡಿದು, ಗೊಬ್ಬರದ ಅಂಗಡಿದು ತರಬೇಡಿ.

ಈಗಾಗ್ಲೇ ಹಾಳಾಗಿದೆ. ಉಳಿಸ್ಕೊಬಹುದಾ?

ಕಪ್ಪಾ ಕ್ಯಾರಜೀನನ್, ಅಗರ್ ಆದ್ರೆ ಮತ್ತೆ ಕುದಿಸಿ ಕರಗಿಸಿ, ಸರಿ ಮಾಡಿ, ಮತ್ತೆ ಆರಿಸಿ. ಲೋ ಮೆಥಾಕ್ಸಿಲ್ ಪೆಕ್ಟಿನ್ ಸೆಟ್ ಆಗ್ದೇ ಇದ್ರೆ ಬಿಸಿ ಮಾಡಿ ಕ್ಯಾಲ್ಸಿಯಂ ನೀರು ಸ್ವಲ್ಪ ಸ್ವಲ್ಪ ಹಾಕ್ತಾ ತಣ್ಣನೆ ತಟ್ಟೆ ಮೇಲೆ ಹನಿ ಬಿಟ್ಟು ನೋಡ್ತಾ ಹೋಗಿ. ಗಂಟಾಗಿರೋ ಆಲ್ಜಿನೇಟ್ ಮಾತ್ರ ಕುದಿಸಿದ್ರೂ ಕರಗಲ್ಲ, ಕ್ಯಾಲ್ಸಿಯಂ ಜೊತೆ ಒಂದ್ಸಲ ಸೇರಿದ್ರೆ ಬಿಸಿಗೆ ಬಿಡಲ್ಲ. ಸೋಡಿಯಂ ಸಿಟ್ರೇಟ್ ನೀರಲ್ಲಿ ನೆನೆಸಿಟ್ರೆ ಸಿಟ್ರೇಟು ಕ್ಯಾಲ್ಸಿಯಂನ ಎಳ್ಕೊಂಡು ನಿಧಾನಕ್ಕೆ ಬಿಡಿಸತ್ತೆ, ಆದ್ರೆ ಆ ರಸ ತಿನ್ನೋ ಹಾಗೆ ಇರಲ್ಲ. ನಾನು ಆ ಉಪಾಯ ಬಳಸೋದು ಮಿಕ್ಸಿ ಜಾರ್ ತೊಳೆಯೋಕೆ.